ರಾಜನ ಮಾತು, ಗುರಪ್ಪನ ಎಮ್ಮೆ

ಆ ಬೆಳಿಗ್ಗೆ ಹೂವಿನ ಹಿಪ್ಪರಗಿಯಲ್ಲಿ ಎಂಥ ಮಂಜು ಕವಿದಿತ್ತೆಂದರೆ, ಕಟ್ಟೆಯ ಎದುರಿನ ಬೇವಿನ ಮರ ಕಂಬಳಿ ಹೊದ್ದ ಮುದುಕನಂತೆ ಕಾಣುತ್ತಿತ್ತು. ಬಿಸಿಲೇರುವ ತನಕ ಯಾರಿಗೂ ಕೆಲಸವಿಲ್ಲ. ಶಿವನೇ ಕೊಟ್ಟ ಆ ಬಿಡುವಿನಲ್ಲಿ ಗುರಪ್ಪ, ಹಿಂದಿನ ದಿನ ಬಾಗೇವಾಡಿಯ ಟೆಂಟಿನಲ್ಲಿ ನೋಡಿ ಬಂದ ಸಿನಿಮಾವನ್ನು ಕಟ್ಟೆಯ ಮೇಲೆ ಕೂತವರಿಗೆ ಹೇಳಲು ಎದ್ದು ನಿಂತ.

“ಋಷಿ ಕೈ ಚಾಚಿದ. ರಾಜಾ ನೀರ ಬಿಟ್ಟು, ‘ಎಲೈ ಮುನಿಯೇ, ನನ್ನ ಸಮಸ್ತ ರಾಜ್ಯವನ್ನು ಧಾರೆಯೆರೆದು ಕೊಟ್ಟೆ!’ ಅಂದ ನೋಡ್ರಿ!”

“ರಾಜ್ಯ ನಾವೆಲ್ಲಿ ಕಂಡೇವೋ?” ಎಂದ ನೆರೆಮನೆಯ ಶಂಕರೆಪ್ಪ. “ಕಣ್ಣಿಗೆ ಕಾಣೂದರ ಮ್ಯಾಲೆ ಹೇಳು.”

ಗುರಪ್ಪನಿಗೆ ಹುರುಪೇರಿತು. ಹಿರಿಯ ಮುರ್ತುಜಾಸಾಬ ಮುಖ ತೊಳೆಯಲು ತಂದಿದ್ದ ತಾಮ್ರದ ಚಂಬನ್ನು ಕಸಿದುಕೊಂಡವನೇ ಶಂಕರೆಪ್ಪನ ಬೊಗಸೆಗೆ ಸುರಿಯುತ್ತ ಗುಡುಗಿದ: “ಎಲೈ ಮುನಿಯೇ! ಹಾಲು ಕರೆಯುವ ನನ್ನ ಎಮ್ಮೆಯನ್ನು ನಿನಗೆ ಧಾರೆಯೆರೆದು ಕೊಟ್ಟೆ!”

ಶಂಕರೆಪ್ಪ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ನೇರವಾಗಿ ಗುರಪ್ಪನ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಗ್ಗ ಬಿಚ್ಚಿದ.

“ಏ, ಏ! ಅದು ನಾ ಅಂದದ್ದಲ್ಲೋ, ರಾಜಾ ಅಂದದ್ದು!”

“ರಾಜನ ಮನ್ಯಾಗ ಎಮ್ಮಿ ಎಲ್ಲಿತ್ತೋ?”

ಗುರಪ್ಪ ಓಡೋಡಿ ಬಂದು ಮುರ್ತುಜಾಸಾಬನ ಮುಂದೆ ನಿಂತ. “ನೀವರ ಹೇಳ್ರಿ ಕಾಕಾ!”

“ಎಮ್ಮಿ ನಿಂದು, ಬಾಯಿ ನಿಂದು, ಚಂಬು ನಂದು. ನೀರ ಬಿದ್ದದ್ದು ಎಲ್ಲಾರೂ ನೋಡೇವಿ. ನಿನ್ನ ಲಗ್ನಾನೂ ಹಿಂಗ ಧಾರಿ ಎರದ ಆಗೇದಲ್ಲ? ಅದೂ ಸಿನೇಮಾ ಅಂತೀಯೇನು?”

ಹೌದೆನ್ನಲು ಗುರಪ್ಪನಿಗೆ ಆಸೆಯಿತ್ತು, ಧೈರ್ಯವಿರಲಿಲ್ಲ. ನಾಲತವಾಡದ ತವರಿಗೆ ಹೋಗಿದ್ದ ಹೆಂಡತಿ ಸಿದ್ದಲಿಂಗವ್ವ ಮಧ್ಯಾಹ್ನದ ಬಸ್ಸಿಗೆ ಬರುವವಳು. ಆ ಎಮ್ಮೆಗೆ ಮೇವು ಹಾಕದೆ ತಾನು ಉಣ್ಣದ ಹೆಣ್ಣು ಅವಳು.

“ಕಡೀಕ ರಾಜಾಗ ರಾಜ್ಯ ಹೊಳ್ಳಿ ಸಿಕ್ಕಿತೇನು?” ಎಂದು ಮುರ್ತುಜಾಸಾಬ ಕೇಳಿದ. “ಸಿಕ್ಕಿದ್ರ ನಿನಗೂ ಹಾದಿ ಐತಿ.”

ಗುರಪ್ಪ ತಲೆ ಕೆರೆದುಕೊಂಡ. ಸಿನಿಮಾ ಕಡೆಗೆ ಬರುವ ಹೊತ್ತಿಗೆ ಟೆಂಟಿನಲ್ಲಿ ಅವನಿಗೆ ನಿದ್ದೆ ಹತ್ತಿತ್ತು.

ಆದರೆ ಎಮ್ಮೆ ಸಿನಿಮಾ ನೋಡಿದ್ದಲ್ಲ. ಶಂಕರೆಪ್ಪನ ಬಣವೆಗೆ ಬಾಯಿ ಹಾಕಿತು, ಕರೆಯಲು ಹೋದವನನ್ನು ಒದ್ದು ತಿಪ್ಪೆಗೆ ಕೆಡವಿತು, ಒಣಹಾಕಿದ ಧೋತರವನ್ನು ಎಲೆಯಡಿಕೆಯಂತೆ ಜಗಿಯಿತು. ಮಧ್ಯಾಹ್ನಕ್ಕೆ ಶಂಕರೆಪ್ಪನೇ ಕುಂಟುತ್ತ ಅದನ್ನು ಎಳೆದುತಂದ. “ತಗೋಪಾ ರಾಜಾ, ನಿನ್ನ ರಾಜ್ಯ!”

“ಹಂಗ ಬರಂಗಿಲ್ಲ,” ಎಂದ ಮುರ್ತುಜಾಸಾಬ. “ನೀರ ಬಿಟ್ಟು ಕೊಟ್ಟದ್ದು, ನೀರ ಬಿಟ್ಟೇ ಹೋಗಬೇಕು.”

ಮತ್ತೆ ಚಂಬು ಬಂತು. ಗುರಪ್ಪ ಭಕ್ತಿಯಿಂದ ಕಣ್ಣು ಮುಚ್ಚಿ ಬೊಗಸೆಯೊಡ್ಡಿದ. “ಎಮ್ಮಿ ಕೊಟ್ಟೆ!” ಎಂದು ಶಂಕರೆಪ್ಪ ಕೂಗಿದ. ನೀರು ಬೀಳುವ ಸಪ್ಪಳ ಕೇಳಿಸಿತು. ಕೈ ಮಾತ್ರ ಒಣಗಿಯೇ ಇತ್ತು.

ಕಣ್ಣು ತೆರೆದರೆ ಸಿದ್ದಲಿಂಗವ್ವ! ಬಸ್ಸಿಳಿದಲ್ಲೇ ಸುದ್ದಿಯೆಲ್ಲ ಕೇಳಿ ಬಂದವಳು, ಬಗಲಲ್ಲಿ ಗಂಟು ಹಾಗೆಯೇ, ಗಂಡನ ಬೊಗಸೆಯ ಮೇಲೆ ತನ್ನ ಅಂಗೈ ಚಾಚಿದ್ದಳು.

“ಇವತ್ತ ಎಮ್ಮಿ ಕೊಟ್ರಿ. ನಾಳೆ ಮತ್ತೊಂದು ಸಿನೇಮಾ ನೋಡಿ ನನ್ನೂ ಕೊಟ್ಟು ಬರೋರು ನೀವು. ಇನ್ನ ಎಮ್ಮಿ ನಂದು!”

“ನೀರ ಬಿದ್ದದ್ದು ಖರೇ,” ಎಂದಿತು ಇಡೀ ಕಟ್ಟೆ.

ಸಂಜೆ ಗುರಪ್ಪ ಚಹಾಕ್ಕೆ ಹಾಲು ಕೇಳಿದ. “ಮೊದಲ ಶಗಣಿ ಬಳೀರಿ, ಆಮ್ಯಾಲೆ ನೋಡೂಣು,” ಎಂಬ ಉತ್ತರ ಬಂತು.

ಶಗಣಿ ಬಳಿದು, ಕೈ ತೊಳೆದು, ಗುರಪ್ಪ ಚಂಬನ್ನು ಹಿಡಿದು ಮುರ್ತುಜಾಸಾಬನ ಬಾಗಿಲಿಗೆ ಹೋದ.

“ನನ್ನ ಚಂಬು ಕೊಟ್ಟೆಯೇನೋ?”

‘ಕೊಟ್ಟೆ’ ಎಂಬ ಮಾತು ಗುರಪ್ಪನ ತುಟಿಯವರೆಗೆ ಬಂತು. ನುಂಗಿಕೊಂಡ. ಚಂಬನ್ನು ಬೋರಲು ಹಾಕಿ, ಒಂದು ಹನಿಯೂ ಇಲ್ಲವೆಂದು ನೋಡಿ, ಮುದುಕನ ಕೈಗಿಟ್ಟ.