ಎಮ್ಮೆಯ ತಲೆಯಲ್ಲಿ ಕುಳಿತ ಹಾಲಿನ ಸಾಹೇಬರಿಗೆ

ಬನಹಟ್ಟಿ, ಜಮಖಂಡಿ ಸಂಸ್ಥಾನ
ಶ್ರಾವಣ, ೧೯೪೬

ಮಾನ್ಯ ಆಕ್ಸಿಟೋಸಿನ್ ಸಾಹೇಬರೇ,

ನಮ್ಮ ಎಮ್ಮೆಯ ಮೆದುಳಿನ ಬುಡದಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ ತಮ್ಮ ಪಾದಗಳಿಗೆ, ಪಾದಗಳಿದ್ದರೆ, ನೇಕಾರ ಮುದಕಪ್ಪನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಹೆಸರು ಹೇಳಿಕೊಟ್ಟವರು ದನದ ಡಾಕ್ಟರು. ಕೆಚ್ಚಲಿಗೆ ಪರಿಚಯದ ಕೈ ತಾಗಿದರೆ ಸುದ್ದಿ ನರಗಳ ಹಾದಿಯಿಂದ ತಮಗೆ ಮುಟ್ಟುತ್ತದಂತೆ. ತಾವು ಕೂಡಲೇ ರಕ್ತಕ್ಕಿಳಿದು, ಕೊರಳು ಎದೆ ದಾಟಿ ಬಂದು, ಒಳಗಿನ ಹಾಲಿನ ಚೀಲಗಳನ್ನು ಹಿಂಡುತ್ತೀರಂತೆ. ನಿಮಿಷದೊಳಗೆ ಇಷ್ಟು ಪ್ರವಾಸ! ನನಗಾದರೋ ಹಿತ್ತಲಿಗೆ ಹೋಗಬೇಕಾದರೂ ಮೊಣಕಾಲಿನ ಅಪ್ಪಣೆ ಬೇಕು.

ಇಷ್ಟು ಚುರುಕಾದ ತಾವು ಎರಡು ದಿನ ಕೆಲಸಕ್ಕೇ ಬರಲಿಲ್ಲವೆಂಬುದು ನನ್ನ ದೂರು. ದಿನಾಲೂ ಎಮ್ಮೆ ಹಿಂಡುವ ಹೆಂಡತಿ ಹಣಮವ್ವ ಮಗಳ ಮೂರನೆಯ ಹೆರಿಗೆಗೆಂದು ಬೀಳಗಿಗೆ ಹೋಗಿದ್ದಾಳೆ. ಸೊಸೆ ಚಳಿಜ್ವರದಲ್ಲಿ ಮಲಗಿ, ಅವಳ ಎದೆಹಾಲು ಬತ್ತಿದೆ. ಆರು ತಿಂಗಳ ಮೊಮ್ಮಗನಿಗೆ ಈ ಎಮ್ಮೆಯೇ ಗತಿ. ಓಣಿಯವರು ಕೊಟ್ಟ ಬಟ್ಟಲು ಹಾಲು ಸಾಲದೆ ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು. ಕೆಚ್ಚಲು ತುಂಬಿ ಬಿಗಿದಿದ್ದರೂ ನಾನು ಕೂತರೆ ಹನಿಯೂ ಇಳಿಯದು.

ತಮಗೆ ಸೀರೆಯ ಗುರುತು ಸಾಕೆಂದು ನಂಬಿ, ನಾನೇ ನೇಯ್ದ ಹಣಮವ್ವನ ಸೀರೆ ಉಟ್ಟು, ಬಳೆ ತೊಟ್ಟು, ಮೀಸೆಯ ಮೇಲೆ ಸೆರಗೆಳೆದು ಕೂತೆ. ಗೋಡೆಯಾಚೆಯಿಂದ ನೆರೆಯ ಮುರಗೆಪ್ಪ ಇಣುಕಿ, "ಯಕ್ಕಾ, ಬೀಳಗಿಯಿಂದ ಯಾವಾಗ ಬಂದಿ ಬೇ? ಮೀಸಿ ಅಲ್ಲೇ ಬೆಳೀತೇನ?" ಎಂದ. "ನಗಬ್ಯಾಡಲೇ, ಎಮ್ಮಿ ಬೆದರತೈತಿ" ಅನ್ನುವಷ್ಟರಲ್ಲಿ ಅದು ಒದ್ದಿತು. ಹಾಲಿನ ಚರಿಗೆ ಒಂದು ಕಡೆ, ನಾನೊಂದು ಕಡೆ. ದನ ಹೆದರಿದರೆ ತಾವು ಹೊರಗೇ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದು ಆಮೇಲೆ.

ಸೋತು ಮಗ್ಗಕ್ಕೆ ಕೂತೆ. ಲಾಳಿ ನಾಲ್ಕು ಸಲ ಓಡಿರಲಿಲ್ಲ, ಮುರಗೆಪ್ಪ ಕೂಗಿದ: "ಮಾವಾ, ಹಾಲ ಸೋರಾಕತ್ತೈತ್ರೀ! ಕೈ ಹಚ್ಚಿಲ್ಲ, ತಾನಽ ಸೋರಾಕತ್ತೈತಿ!"

ಆಗ ತಿಳಿಯಿತು ತಮ್ಮ ದರ್ಬಾರಿನ ರೀತಿ. ಹಣಮವ್ವ ಹಾಲು ಹಿಂಡುವ ಹೊತ್ತಿಗೆ ದಿನಾಲೂ ನನ್ನ ಮಗ್ಗ ಸದ್ದು ಮಾಡುತ್ತಿತ್ತು. ತಾವು ಆ ಸದ್ದನ್ನೇ ಹುಕುಮು ಎಂದು ತಿಳಿದಿದ್ದೀರಿ. ನಾನು ಹಿಂಡಲು ಕೂತರೆ ನೇಯುವವರು ಯಾರು? ಈಗ ನಾನು ನೇಯುತ್ತೇನೆ, ಮುರಗೆಪ್ಪ ಹಿಂಡುತ್ತಾನೆ. ಮೊದಲ ಬಟ್ಟಲು ಕುಡಿದ ಮೊಮ್ಮಗ ನನ್ನ ತೊಡೆಯ ಮೇಲೆಯೇ ನಿದ್ದೆ ಹೋದ. ಅದಕ್ಕೆ ತಮಗೆ ಖರೆ ಖರೆ ಕೈ ಮುಗಿಯುತ್ತೇನೆ.

ಆದರೆ ಮುರಗೆಪ್ಪನ ಬಾಯಿ ಊರಿಗೆಲ್ಲ ನನ್ನ ಸೆರಗಿನ ಕತೆ ಹೇಳುತ್ತಿದೆ. ಆದ್ದರಿಂದ ತಾವು ದಯಮಾಡಿ ನನಗೆ ಇನ್ನೆರಡು ಕೈ ಮಂಜೂರು ಮಾಡಬೇಕು. ಅದಾಗದಿದ್ದರೆ ಎಮ್ಮೆಗೆ ನೇಯಲು ಕಲಿಸಬೇಕು.

ತಮ್ಮ ವಿಶ್ವಾಸಿ, ತಮ್ಮ ವಿಶ್ವಾಸ ಇನ್ನೂ ಗಳಿಸದ
ಮುದಕಪ್ಪ

ತಾ.ಕ.: ಬಸುರಿಯ ಗರ್ಭಕೋಶ ಹಿಂಡಿ ಹೆರಿಗೆ ಮಾಡಿಸುವವರೂ ತಾವೇ ಅಂತೆ. ಬೀಳಗಿಯಿಂದ ಈಗಷ್ಟೇ ಕಾಗದ ಬಂತು: ಅವಳಿ ಕೂಸು, ತಾಯಿ ಛಲೋ ಇದ್ದಾಳೆ, ಹಣಮವ್ವ ಇನ್ನು ಮೂರು ತಿಂಗಳು ಬರುವುದಿಲ್ಲ. ಅಲ್ಲಿ ಒಂದು ಕೇಳಿದವರಿಗೆ ಎರಡು ಕೊಟ್ಟಿರಿ. ಇಲ್ಲಿ ಒಂದು ಚರಿಗೆ ಕೇಳಿದವನಿಗೆ ಸೀರೆ ಉಡಿಸಿದಿರಿ.