ಮುಚ್ಚಳವಿಲ್ಲದ ಗಾಜಿನ ಪಾತ್ರೆ

ಡೆಲ್ಮರ್ ಹೊವ್‌ಲ್ಯಾಂಡನ ತಲೆಯಲ್ಲಿ ಯೋಚನೆ ಹುಟ್ಟುವುದು ಅಪರೂಪ. ಹುಟ್ಟಿದ್ದು ಸಾಯುವುದು ಇನ್ನೂ ಅಪರೂಪ. ಆದ್ದರಿಂದ ಜೂನ್ ತಿಂಗಳ ಒಂದು ಬೆಳಿಗ್ಗೆ ಅವನು ಕಾಫಿಯ ಕಪ್ಪನ್ನು ಮೇಜಿನ ಮೇಲೆ ಕುಕ್ಕಿ, "ಆರ್ಲಿಸ್, ನಾನೊಂದು ತೀರ್ಮಾನಕ್ಕೆ ಬಂದಿದೀನಿ" ಎಂದಾಗ, ಅವನ ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿ, ವಸಂತದಲ್ಲಿ ಹೊಸದಾಗಿ ಹಾಕಿಸಿಕೊಂಡಿದ್ದ ಕೃತಕ ಮಂಡಿಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಓಡಬೇಕಾಗಿ ಬಂದರೆ ಇದು ಸಹಕರಿಸೀತೇ ಎಂದು.

"ನಮ್ಮ ಮದುವೆಯಾಗಿ ನಲವತ್ತು ವರ್ಷ ಆಯ್ತು. ಶನಿವಾರ ಸಾಯಂಕಾಲ ನಿನ್ನನ್ನ ಲೂನ್ ಪಾಯಿಂಟ್‌ಗೆ ಊಟಕ್ಕೆ ಕರ್ಕೊಂಡು ಹೋಗ್ತೀನಿ."

ಆರ್ಲಿಸ್ ಕಣ್ಣು ಕಿರಿದು ಮಾಡಿದಳು. "ಕೂಪನ್ ಸಿಕ್ಕಿದೆಯಾ?"

"ಇಲ್ಲ."

"ಯಾರಾದ್ರೂ ಹೋಗಿಬಿಟ್ರಾ?"

"ಯಾರೂ ಸತ್ತಿಲ್ಲ ಮಾರಾಯ್ತಿ! ನಾನೇ ಕರ್ಕೊಂಡು ಹೋಗ್ತಿದೀನಿ. ಬಿಳಿ ಮೇಜುಬಟ್ಟೆ, ಕಿಟಕಿ ಪಕ್ಕದ ಜಾಗ, ಎದುರಿಗೆ ಕೆರೆ."

ಆರ್ಲಿಸಳ ಮುಖ ಮೆತ್ತಗಾಯಿತು. ಅವಳಿಗೆ ವಜ್ರ ಬೇಕಿರಲಿಲ್ಲ, ಫ್ಲಾರಿಡಾ ಬೇಕಿರಲಿಲ್ಲ. ತಾನು ಕಲಸದ, ಬೇಯಿಸದ, ಉಂಡ ಮೇಲೆ ತೊಳೆಯದ ಒಂದು ಊಟ ಬೇಕಿತ್ತು. ಯಾರಾದರೂ ಕೈಗೆ ಮೆನು ಕೊಟ್ಟು "ನಿಮಗೇನು ತರಲಿ?" ಎಂದು ಕೇಳಬೇಕಿತ್ತು. ನಲವತ್ತು ವರ್ಷಗಳಲ್ಲಿ ಡೆಲ್ಮರ್ ಅವಳನ್ನು ಅನೇಕ ಪ್ರಶ್ನೆ ಕೇಳಿದ್ದನಾದರೂ ("ನನ್ನ ಕಾಲ್ಚೀಲ ಎಲ್ಲಿ?" ಎಂಬುದು ಅವುಗಳಲ್ಲಿ ಅಗ್ರಗಣ್ಯ), ಈ ಪ್ರಶ್ನೆ ಮಾತ್ರ ಅವನ ಬಾಯಿಂದ ಬಂದಿರಲಿಲ್ಲ.

"ಆದರೆ," ಎಂದ ಡೆಲ್ಮರ್. (ಅವನ ಔದಾರ್ಯಕ್ಕೆ ಯಾವಾಗಲೂ ಒಂದು ಬಾಲ ಇರುತ್ತದೆ.) "ಇದಕ್ಕೋಸ್ಕರ ಬ್ಯಾಂಕಿಗೆ ಕೈ ಹಾಕೋ ಅಗತ್ಯ ಇಲ್ಲ. ಅವತ್ತು ಬೆಳಿಗ್ಗೆ ನಮ್ಮ ಕಾರ್ ಶೆಡ್ಡಲ್ಲೇ ಹಳೇ ಸಾಮಾನಿಟ್ಟು ಗ್ಯಾರೇಜ್ ಸೇಲ್ ಮಾಡ್ತೀನಿ. ಹಳೇದೆಲ್ಲ ಹೋಗುತ್ತೆ, ಊಟ ಬರುತ್ತೆ."

"ನಿನ್ನ ಹಳೇ ಸಾಮಾನು ಯಾರು ತಗೋತಾರೆ ಡೆಲ್ಮರ್?"

ಈ ಮಾತು ಡೆಲ್ಮರನಿಗೆ ನಾಟಿತು. ಅವನೇನು ಸಾಮಾನ್ಯನೇ? ಸ್ವಾನ್‌ವಿಕ್‌ನ ರೈತರ ಸಹಕಾರಿ ಧಾನ್ಯ ಕಣಜದ ನಿವೃತ್ತ ವ್ಯವಸ್ಥಾಪಕ. ಜೋಳದ ವ್ಯಾಪಾರಿಗಳಿಗೆ ನೀರು ಕುಡಿಸಿದವನು. (ಒಮ್ಮೆ ಬಿಸಿಲು ಜಾಸ್ತಿ ಇದ್ದದ್ದರಿಂದ ಒಬ್ಬನಿಗೆ ನಿಜವಾಗಿಯೂ ನೀರು ಕೊಟ್ಟಿದ್ದ. ಉಳಿದದ್ದೆಲ್ಲ ಅವನೇ ಹೇಳಿದ್ದು.) ಅವತ್ತೇ ಕೆಫೆಗೆ ಹೋಗಿ, ಕಾಫಿ ಕುಡಿಯುತ್ತಿದ್ದ ಸಮಸ್ತರ ಎದುರು ತನ್ನ ಯೋಜನೆಯನ್ನು ಘೋಷಿಸಿ ಬಂದ. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಆರ್ಲಿಸ್ ಮಂಡಿಯ ವ್ಯಾಯಾಮಕ್ಕೆಂದು ಪಕ್ಕದ ಊರಿಗೆ ಹೊರಟಳು. ತಂಗಿ ಕೊರಿನ್ ಕಾರು ತಂದು ಹಾರ್ನ್ ಬಾರಿಸುತ್ತಿದ್ದಳು.

"ನನ್ನ ಸಾಮಾನು ಒಂದನ್ನೂ ಮುಟ್ಟಬೇಡ," ಎಂದಳು ಆರ್ಲಿಸ್ ಕಾರಿನ ಕಿಟಕಿಯಿಂದ.

"ನಿನ್ನ ಸಾಮಾನು ಮುಟ್ಟಿದ್ರೆ ಕೇಳು!"

ಗ್ಯಾರೇಜಿನ ಬಾಗಿಲು ಮೇಲೆ ಸರಿಯಿತು. ಡೆಲ್ಮರನ ಸಾಮ್ರಾಜ್ಯ ಲೋಕದೆದುರು ತೆರೆದುಕೊಂಡಿತು. ಬರೀ ಹೊಗೆ ಕಾರುವ ಹಿಮ ತಳ್ಳುವ ಯಂತ್ರ, ಬಟ್ಟೆ ಒಣಹಾಕಲು ಮಾತ್ರ ಬಳಕೆಯಾದ ವ್ಯಾಯಾಮದ ಸೈಕಲ್, ಒಂದು ಸಂಪುಟ ಕಳೆದುಹೋದ ವಿಶ್ವಕೋಶ, ಮೀನು ಎಂದೂ ಕಚ್ಚಿರದ ಗಾಳಗಳು. ಪ್ರತಿಯೊಂದಕ್ಕೂ ಕಾಗದದ ಅಂಟುಪಟ್ಟಿ ಹಚ್ಚಿ ಬೆಲೆ ಬರೆದಿದ್ದ. ಬೆಲೆಗಳಲ್ಲಿ ಭಾವನೆಗಳೂ ಸೇರಿದ್ದವು.

ಜನ ಬಂದರು. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದರು. ಸೈಕಲ್ಲಿನ ಮುಂದೆ ನಿಂತು "ಬೇರೆ ಥರ ಇದೆ" ಎಂದು ಹೇಳಿ ಹೊರಟುಹೋದರು. ಸ್ವಾನ್‌ವಿಕ್‌ನಲ್ಲಿ ಯಾರೂ ಯಾವುದನ್ನೂ ಕೆಟ್ಟದಾಗಿದೆ ಎನ್ನುವುದಿಲ್ಲ. "ಬೇರೆ ಥರ ಇದೆ" ಎಂದರೆ ಅಲ್ಲಿಗೆ ಮುಗಿಯಿತು, ಆ ವಸ್ತುವಿನ ತಿಥಿ.

ಬಿಸಿಲು ಏರಿತು. ದುಡ್ಡು ಹಾಕಲು ಇಟ್ಟಿದ್ದ ಡಬ್ಬಿ ಖಾಲಿಯಾಗಿಯೇ ಇತ್ತು. ಲೂನ್ ಪಾಯಿಂಟಿನ ಕಿಟಕಿ, ಬಿಳಿ ಮೇಜುಬಟ್ಟೆ, ಕೆರೆ, ಎಲ್ಲವೂ ಡೆಲ್ಮರನ ಕಣ್ಣೆದುರೇ ಮಸುಕಾಗತೊಡಗಿದವು. ಕೆಫೆಯ ಮಿತ್ರರ ಮುಖಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತಿದ್ದವು. ಆಗಲೇ ಅವನ ದೃಷ್ಟಿ ಫ್ರೀಜರಿನ ಪಕ್ಕದ ಕಪಾಟಿನ ಮೇಲೆ ಬಿತ್ತು. ಅಲ್ಲಿ ತೊಳೆದು ಒರೆಸಿ ಜೋಡಿಸಿಟ್ಟ ಗಾಜಿನ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು.

ಆರ್ಲಿಸಳ ಮಂಡಿಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಊರಿನ ಹೆಂಗಸರು ಹಾಟ್‌ಡಿಶ್ ತಂದುಕೊಟ್ಟಿದ್ದ ಪಾತ್ರೆಗಳವು. ಕೊಚ್ಚಿದ ಮಾಂಸ, ಬೀನ್ಸ್, ಡಬ್ಬಿಯ ಅಣಬೆ ಸೂಪು, ಮೇಲೆ ಆಲೂಗಡ್ಡೆಯ ಉಂಡೆಗಳ ಹೊದಿಕೆ. ಸ್ವಾನ್‌ವಿಕ್‌ನಲ್ಲಿ ಮಗು ಹುಟ್ಟಿದರೂ, ಮನುಷ್ಯ ಹೋದರೂ, ಮಂಡಿ ಬದಲಾದರೂ ಬಾಗಿಲಿಗೆ ಬರುವುದು ಇದೇ. ಪಾತ್ರೆಯ ಅಡಿಯಲ್ಲಿ ಅಂಟುಪಟ್ಟಿ, ಅದರ ಮೇಲೆ ಒಡತಿಯ ಹೆಸರು. ಉಂಡವರು ಪಾತ್ರೆಯನ್ನು ಹಿಂತಿರುಗಿಸಬೇಕು, ಬರಿದಾಗಿ ಅಲ್ಲ, ಒಳಗೆ ಏನನ್ನಾದರೂ ಮಾಡಿ ತುಂಬಿ. ಮಂಡಿ ಗಟ್ಟಿಯಾದ ಮೇಲೆ ಹಾಗೆ ಕೊಡಬೇಕೆಂದೇ ಆರ್ಲಿಸ್ ಅವನ್ನು ಕಾದಿಟ್ಟಿದ್ದಳು. ಊರಿನ ಎಳೆಮಗುವಿಗೂ ಗೊತ್ತಿರುವ ಸಂಗತಿ ಇದು. ಡೆಲ್ಮರನಿಗೆ ಗೊತ್ತಿರಲಿಲ್ಲ. ಅವನ ಅನುಭವದಲ್ಲಿ ಊಟ ಬರುತ್ತಿತ್ತು, ಪಾತ್ರೆ ಮಾಯವಾಗುತ್ತಿತ್ತು. ನಡುವಿನ ಸಾರಿಗೆ ವ್ಯವಸ್ಥೆ ಅವನ ಇಲಾಖೆಗೆ ಸೇರಿದ್ದಲ್ಲ.

ಒಂದನ್ನು ತಿರುಗಿಸಿ ನೋಡಿದ. 'ಲವೋನ್ ಸ್ಕಾರ್' ಎಂದಿತ್ತು. "ಉಡುಗೊರೆ ಕೊಟ್ಟೋರು ಹೆಸರು ಬರೆದಿದಾರೆ," ಎಂದುಕೊಂಡ. "ಪಾಪ, ಒಳ್ಳೆ ಜನ." ಹಳೆಯ ಅಂಟುಪಟ್ಟಿ ಕಿತ್ತು ಹೊಸ ಅಂಟುಪಟ್ಟಿ ಹಚ್ಚಿದ.

ಆಮೇಲೆ ಮೊದಲು ಬಂದವಳು ಲವೋನ್ ಸ್ಕಾರಳೇ. ಎರಡು ಮನೆ ಆಚೆ ಇರುವವಳು. ಸೈಕಲ್ ನೋಡಿದಳು, ವಿಶ್ವಕೋಶ ನೋಡಿದಳು, ಆಮೇಲೆ ನೀಲಿ ಹೂವಿನ ಗಾಜಿನ ಪಾತ್ರೆಯ ಮುಂದೆ ನೆಟ್ಟಗೆ ನಿಂತುಬಿಟ್ಟಳು.

"ಈ ಪಾತ್ರೆ..." ಎಂದಳು.

"ಚೆನ್ನಾಗಿದೆ ಅಲ್ವಾ? ಈಗ ಇಂಥವು ಸಿಗಲ್ಲ."

"ಇಲ್ಲ, ಸಿಗಲ್ಲ. ನಾನೂ... ಹುಡುಕ್ತಾ ಇದ್ದೆ."

"ನಮ್ಮನೇಲಿ ಬಹಳ ಕಾಲದಿಂದ ಇದೆ."

"ಹೌದಾ? ಬಹಳ ಕಾಲ ಅಂತ ನಂಗೂ ಅನ್ನಿಸ್ತಿತ್ತು." ಲವೋನ್ ಪಾತ್ರೆಯ ಅಂಚನ್ನು ಸವರಿದಳು. "ಇಲ್ಲಿ ಮೂಲೇಲಿ ಚೂರು ಒಡೆದಿದೆ."

"ಯಾರೋ ಅಡ್ಡಾದಿಡ್ಡಿ ಹೆಂಗಸು ನಲ್ಲಿಗೆ ಬಡಿದಿರ್ಬೇಕು."

ಲವೋನಳ ಕೆನ್ನೆ ಕೆಂಪಾಯಿತು. "ಇರ್ಬೇಕು," ಎಂದಳು. "ಇದಕ್ಕೆ ಮುಚ್ಚಳ ಇಲ್ವಲ್ಲ?"

"ಮುಚ್ಚಳ ಇಲ್ಲ. ಅದಕ್ಕೇ ಈ ಬೆಲೆಗೆ ಕೊಡ್ತಿರೋದು."

"ಮುಚ್ಚಳ ನನ್ನ ಹತ್ರ ಇದೆ."

"ನೋಡು ಅದೃಷ್ಟ! ಸರಿಯಾಗಿ ಕೂರುತ್ತಾ?"

"ಕೂರುತ್ತೆ ಅನ್ಸುತ್ತೆ," ಎಂದು ಹೇಳಿ ಲವೋನ್ ಪರ್ಸು ತೆರೆದಳು. 'ಇದು ನನ್ನದು ಕಣೋ' ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ನೆರೆಯವನ ಮುಖಕ್ಕೆ ಹಾಗೆ ಹೇಳಿ ಅವನಿಗೆ ನಾಚಿಕೆ ಮಾಡುವುದಕ್ಕಿಂತ, ತನ್ನ ಪಾತ್ರೆಯನ್ನು ತಾನೇ ಕೊಂಡುಕೊಳ್ಳುವುದು ಸ್ವಾನ್‌ವಿಕ್‌ನ ಹೆಂಗಸಿಗೆ ಎಷ್ಟೋ ಸುಲಭ.

ಲವೋನ್ ಮನೆ ತಲುಪಿ ಫೋನೆತ್ತಿದ ಸ್ವಲ್ಪ ಹೊತ್ತಿಗೆ ಡೆಲ್ಮರನ ವಹಿವಾಟು ಕುದುರಿತು. ಮೇವಿಸ್ ಟೊಲೆಫ್ಸ್‌ರೂಡ್ ಬಂದಳು, ಅಯೋನ್ ಬ್ರೆಕ್ಕೆ ಬಂದಳು. ಯಾರೂ ಅತ್ತಿತ್ತ ನೋಡಲಿಲ್ಲ. ನೇರ ಬಂದು ಒಂದೊಂದು ಪಾತ್ರೆ ಎತ್ತಿಕೊಂಡು, ದುಡ್ಡು ಕೊಟ್ಟು ಹೋದರು. ಪಾದ್ರಿಯ ಹೆಂಡತಿ ಸಾಲ್ವೆಗ್ ಕಾರಿನಿಂದ ಇಳಿಯುತ್ತಲೇ ಕೇಳಿದಳು: "ಡೆಲ್ಮರ್, ಹಸಿರುದು ಇದೆಯಾ ಇನ್ನೂ? ಎರಡು ಹಿಡಿ ಇರೋದು?"

"ಹಸಿರುದು ಇದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಹಾಗೇ... ಪ್ರಾರ್ಥನೆ ಮಾಡೋವಾಗ ಅನ್ನಿಸ್ತು."

ದೈವವೇ ಗಿರಾಕಿಗಳನ್ನು ಕಳಿಸುತ್ತಿದೆಯೆಂದು ಡೆಲ್ಮರನಿಗೆ ಖಾತ್ರಿಯಾಯಿತು. ಹಸಿರು ಪಾತ್ರೆಯ ಬೆಲೆಯನ್ನು ನಿಂತ ನಿಲುವಿನಲ್ಲೇ ಏರಿಸಿದ.

ಅವತ್ತು ಸಾಯಂಕಾಲ ಆರ್ಲಿಸ್ ನೀಲಿ ಅಂಗಿ ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಊರುಗೋಲನ್ನು ಕಾರಿನಲ್ಲೇ ಬಿಟ್ಟು ಲೂನ್ ಪಾಯಿಂಟಿನ ಒಳಗೆ ನಡೆದಳು. ಶನಿವಾರವಾದ್ದರಿಂದ ಅರ್ಧ ಊರು ಅಲ್ಲೇ ಇತ್ತು. ಲವೋನ್ ಕೈ ಬೀಸಿದಳು. ಮೇವಿಸ್ ಕೈ ಬೀಸಿದಳು. ಎಲ್ಲರ ಕೈಗಳೂ ಎಂದಿಗಿಂತ ಸ್ವಲ್ಪ ಕಡಿಮೆಯೇ ಬೀಸಿದವು.

ಹುಡುಗಿ ಮೆನು ತಂದುಕೊಟ್ಟಳು. ಆರ್ಲಿಸ್ ಅದನ್ನು ಚರ್ಚಿನ ಹಾಡಿನ ಪುಸ್ತಕದ ಹಾಗೆ ಎರಡೂ ಕೈಯಲ್ಲಿ ಹಿಡಿದಳು.

"ನಿಮಗೇನು ತರಲಿ?"

"ಇನ್ನೊಂದು ಸಲ ಕೇಳಮ್ಮ," ಎಂದಳು ಆರ್ಲಿಸ್.

ಕೆರೆಯ ಮೀನನ್ನು ಬೆಣ್ಣೆಯಲ್ಲಿ ಹುರಿದದ್ದು ಬೇಕೆಂದಳು. ಡೆಲ್ಮರ್ ಕುರ್ಚಿಗೆ ಒರಗಿ ಹೊಟ್ಟೆ ಸವರಿಕೊಂಡ. ಸುಮ್ಮನೆ ಕೂತಿದ್ದರೆ ಅವನ ಬಾಳು ಬಂಗಾರವಾಗಿರುತ್ತಿತ್ತು.

"ವ್ಯಾಪಾರ ಅಂದ್ರೆ ಒಂದು ಕಲೆ ಆರ್ಲಿಸ್. ಆ ಗಾಜಿನ ಪಾತ್ರೆ ಇದ್ವಲ್ಲ, ಒಂದೂ ಉಳೀಲಿಲ್ಲ!"

ಬ್ರೆಡ್ಡಿಗೆ ಹೊರಟಿದ್ದ ಆರ್ಲಿಸಳ ಕೈ ಅಲ್ಲೇ ನಿಂತಿತು. "ಯಾವ ಗಾಜಿನ ಪಾತ್ರೆ?"

"ಫ್ರೀಜರ್ ಪಕ್ಕದಲ್ಲಿ ಇದ್ವಲ್ಲ."

"ಹೆಸರಿದ್ದ ಪಾತ್ರೆಗಳಾ?"

"ಹೆಸರೆಲ್ಲ ಕಿತ್ತೇ ಮಾರಿದ್ದು. ನಾನೇನು ಅಷ್ಟು ದಡ್ಡನಾ?"

ಆರ್ಲಿಸ್ ಮೆಲ್ಲಗೆ ತಲೆಯೆತ್ತಿ ಸುತ್ತ ನೋಡಿದಳು. ಲವೋನ್ ಉಪ್ಪಿನಕಾಯಿಯನ್ನು ಅಧ್ಯಯನ ಮಾಡುತ್ತಿದ್ದಳು. ಮೇವಿಸ್ ಕೆರೆ ನೋಡುತ್ತಿದ್ದಳು. ಸಾಲ್ವೆಗ್ ಬಹುಶಃ ಮತ್ತೆ ಪ್ರಾರ್ಥಿಸುತ್ತಿದ್ದಳು.

"ಯಾರಿಗೆ ಮಾರಿದೆ ಡೆಲ್ಮರ್?"

ಡೆಲ್ಮರ್ ಹೆಸರುಗಳನ್ನು ಹೇಳತೊಡಗಿದ. ಲವೋನ್, ಮೇವಿಸ್... ಮೂರನೆಯ ಹೆಸರಿಗೆ ಬರುವಷ್ಟರಲ್ಲಿ ಅವನ ದನಿ ಇಳಿಯಿತು. ಬೆಳಿಗ್ಗೆ ತಾನು ಕಿತ್ತ ಅಂಟುಪಟ್ಟಿಗಳು ಒಂದೊಂದಾಗಿ ನೆನಪಿಗೆ ಬಂದು ಹಣೆಗೆ ಅಂಟಿಕೊಂಡಂತಾಯಿತು.

"ನಿನ್ನ ಸಾಮಾನು ಒಂದನ್ನೂ ಮುಟ್ಟಿಲ್ಲ!" ಎಂದ ಕೊನೆಯ ಅಸ್ತ್ರವಾಗಿ.

"ಹೌದು. ಊರಿನ ಸಾಮಾನು ಮುಟ್ಟಿದೀಯ."

ಮೀನು ಬಂತು. ಬೆಣ್ಣೆಯಲ್ಲಿ ಇನ್ನೂ ಚುರುಗುಟ್ಟುತ್ತಿತ್ತು. ಆರ್ಲಿಸ್ ಅದನ್ನು ಹಾಗೇ ಬಿಟ್ಟು, ಹೊಸ ಮಂಡಿಯನ್ನು ಎಳೆದುಕೊಂಡು ಮೇಜಿನಿಂದ ಮೇಜಿಗೆ ಹೋದಳು.

"ಅಯ್ಯೋ, ಬಿಡು ಆರ್ಲಿಸ್," ಎಂದಳು ಲವೋನ್. "ಒಳ್ಳೆ ಬೆಲೆಗೇ ಸಿಕ್ತು."

"ನಂಗೂ ಅಂಥದೊಂದು ಬೇಕಾಗೇ ಇತ್ತು," ಎಂದಳು ಮೇವಿಸ್.

ಡೆಲ್ಮರ್ ದುಡ್ಡು ಹಿಂದಕ್ಕೆ ಕೊಡಲು ಹೋದ. ಒಬ್ಬರೂ ಮುಟ್ಟಲಿಲ್ಲ, ಅವಮಾನವಾದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮರ್ಯಾದೆಯನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಗಂಡ ಹೆಂಡತಿ ಮೀನನ್ನು ಡಬ್ಬಿಗೆ ಹಾಕಿಸಿಕೊಂಡು ಮನೆಗೆ ಬಂದರು.

"ಇದು ದುಡ್ಡಿಂದ ತೀರೋದಲ್ಲ," ಎಂದಳು ಆರ್ಲಿಸ್ ಕಾರಿನಿಂದ ಇಳಿಯುತ್ತ. "ಆ ಪಾತ್ರೆಗಳು ತುಂಬಿ ವಾಪಸ್ ಹೋಗ್ಬೇಕು. ನಂಗೆ ನಿಂತು ಅಡುಗೆ ಮಾಡೋಕೆ ಆಗಲ್ಲ. ಆಗಿದ್ರೂ ಮಾಡ್ತಿರ್ಲಿಲ್ಲ."

ಹೀಗೆ ಸೋಮವಾರ ಬೆಳಿಗ್ಗೆ, ಧಾನ್ಯ ಕಣಜದ ನಿವೃತ್ತ ವ್ಯವಸ್ಥಾಪಕ, ತಾನು ಮಾರಿದ ಪಾತ್ರೆಗಳನ್ನು ಬೇಡಲು ಮನೆ ಮನೆಗೆ ಹೊರಟ. ಲವೋನ್ ಜಾಲರಿ ಬಾಗಿಲ ಹಿಂದೆ ನೀಲಿ ಪಾತ್ರೆಯನ್ನು ಎದೆಗವಚಿಕೊಂಡು ನಿಂತಳು.

"ಮತ್ತೆ ಮಾರೋಕಾ?"

"ತುಂಬ್ಸೋಕೆ ಕಣೇ ಲವೋನ್. ಹಾಟ್‌ಡಿಶ್ ಮಾಡ್ತಿದೀನಿ."

"ಯಾರು?"

"ನಾನು."

ಲವೋನಳ ಮುಖ ಬಿಳಚಿಕೊಂಡಿತು. ಜಾಲರಿ ಬಾಗಿಲು ತೆರೆದು ಪಾತ್ರೆ ಕೊಟ್ಟುಬಿಟ್ಟಳು. ಡೆಲ್ಮರ್ ಅದನ್ನು ಪಶ್ಚಾತ್ತಾಪಕ್ಕೆ ಸಿಕ್ಕ ಗೌರವವೆಂದುಕೊಂಡ.

ಬಾತುಕೋಳಿ ಚಿತ್ರದ ಏಪ್ರನ್ ಕಟ್ಟಿಕೊಂಡು ಅವನು ನಡೆಸಿದ ಪಾಕಯಜ್ಞವನ್ನು ವರ್ಣಿಸಲು ಮನಸ್ಸು ಬಾರದು. ಹೊಗೆ ಎಚ್ಚರಿಕೆಯ ಗಂಟೆ ಹೊಡೆದುಕೊಂಡಾಗಲೆಲ್ಲ ಆರ್ಲಿಸ್ ನಡುಮನೆಯಲ್ಲಿ ಕೂತು ಟೀವಿಯ ಸದ್ದು ಏರಿಸಿದಳು. ಮಧ್ಯಾಹ್ನ ಅವನು ಅದೇ ಏಪ್ರನ್ನಿನಲ್ಲಿ, ಹುಬ್ಬಿಗೆ ಅಣಬೆ ಸೂಪು ಹಚ್ಚಿಕೊಂಡು, ಮನೆ ಮನೆಗೆ ಹಾಟ್‌ಡಿಶ್ ಹಂಚಿ ಬಂದ. ಮೇವಿಸ್ ಅವನೆದುರೇ ಒಂದು ಚಮಚ ತಿಂದು, ಕಣ್ಣು ಮುಚ್ಚಿ, "ಬೇರೆ ಥರ ಇದೆ" ಎಂದಳು.

ಋಣ ತೀರಿತೆಂದು ಡೆಲ್ಮರ್ ಕಾಲು ಚಾಚಿ ಕೂತ. ಐದು ಗಂಟೆಗೆ ಕರೆಗಂಟೆ ಮೊಳಗಿತು.

ಬಾಗಿಲಲ್ಲಿ ಪಾದ್ರಿ ನಿಂತಿದ್ದರು, ಹ್ಯಾಟನ್ನು ಎದೆಯ ಮೇಲೆ ಹಿಡಿದುಕೊಂಡು. ಅವರ ಹಿಂದೆ ಸಾಲ್ವೆಗ್, ಲವೋನ್, ಮೇವಿಸ್, ಅಯೋನ್. ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ಮುಚ್ಚಿದ, ಬಿಸಿ ಬಿಸಿ ಪಾತ್ರೆ.

"ಎಷ್ಟು ದಿನ ಅಂತ ಹೇಳಿದಾರೆ ಡೆಲ್ಮರ್?" ಎಂದರು ಪಾದ್ರಿ ಮೆಲುದನಿಯಲ್ಲಿ.

"ಏನು ಎಷ್ಟು ದಿನ?"

"ಮುಚ್ಚಿಡಬೇಡ," ಎಂದಳು ಲವೋನ್, ಮೂಗೊರೆಸಿಕೊಂಡು. "ನೀನು ಅಡುಗೆ ಮಾಡ್ತೀನಿ ಅಂದಾಗ್ಲೇ ನಂಗೆ ಗೊತ್ತಾಯ್ತು. ಆರ್ಲಿಸ್‌ಗೆ ಕಡೇ ಹಂತ, ಅಲ್ವಾ?"

ಅಷ್ಟರಲ್ಲಿ ಆರ್ಲಿಸ್ ಒಳಗಿನಿಂದ ಬಂದಳು. ನೀಲಿ ಅಂಗಿ, ತುಟಿಗೆ ಬಣ್ಣ. "ನಾನು ಚೆನ್ನಾಗಿದೀನಿ ಕಣ್ರೇ," ಎಂದಳು.

ಹೆಂಗಸರು ಪರಸ್ಪರ ನೋಡಿಕೊಂಡರು. "ಪಾಪ, ಎಷ್ಟು ಧೈರ್ಯ," ಎಂದು ಅಯೋನ್ ಪಿಸುಗುಟ್ಟಿದಳು. ಅಡುಗೆಮನೆಯ ಕಟ್ಟೆ ಮತ್ತೆ ಪಾತ್ರೆಗಳಿಂದ ತುಂಬಿತು. ಎಲ್ಲರೂ ಆರ್ಲಿಸಳನ್ನು ತಬ್ಬಿಕೊಂಡು, ಹಿಂತಿರುಗಿ ಹಿಂತಿರುಗಿ ನೋಡುತ್ತ ಹೋದರು.

ಬೀದಿಯಲ್ಲಿ ಕೊರಿನಳ ಹಾರ್ನ್ ಕೇಳಿಸಿತು.

"ಎಲ್ಲಿಗೆ?" ಎಂದ ಡೆಲ್ಮರ್.

"ಲೂನ್ ಪಾಯಿಂಟ್‌ಗೆ. ಕೊರಿನ್ ಕೊಡಿಸ್ತಾಳಂತೆ." ಆರ್ಲಿಸ್ ಕಟ್ಟೆಯತ್ತ ಒಮ್ಮೆ ನೋಡಿದಳು. "ನೀನು ಕಾಯಬೇಡ, ತಿನ್ನೋಕೆ ಬೇಕಾದಷ್ಟಿದೆ. ಮುಗಿದ ಮೇಲೆ ತೊಳೆದಿಡು. ಇವನ್ನೂ ತುಂಬ್ಸಿ ವಾಪಸ್ ಕೊಡ್ಬೇಕಲ್ಲ ನೀನು."

ಕಾರು ಹೊರಟುಹೋಯಿತು. ಮನೆ ಪೂರ್ತಿ ಆಲೂಗಡ್ಡೆ ಉಂಡೆಗಳ ಘಮ. ಡೆಲ್ಮರ್ ಹತ್ತಿರದ ಪಾತ್ರೆಯನ್ನು ಎಳೆದುಕೊಂಡ. ನೀಲಿ ಹೂವಿನದು, ಈ ಸಲ ಮುಚ್ಚಳವೂ ಬಂದಿತ್ತು, ಸರಿಯಾಗಿಯೇ ಕೂತಿತ್ತು. ಮುಚ್ಚಳ ತೆಗೆದವನು, ಈ ಬಾರಿ ತಪ್ಪು ಮಾಡಬಾರದೆಂದು ಪಾತ್ರೆಯನ್ನು ಜೋಪಾನವಾಗಿ ಎತ್ತಿ, ತಲೆ ಬಗ್ಗಿಸಿ ಅಡಿಯನ್ನು ನೋಡಿದ. ಬಿಸಿ ಸೂಪು ಅಂಚಿನಿಂದ ತುಳುಕಿ ಅಂಗಿಯ ತೋಳಿನೊಳಗೆ ಇಳಿಯಿತು. ಹೊಸ ಅಂಟುಪಟ್ಟಿಯ ಮೇಲೆ ದಪ್ಪ ಅಕ್ಷರಗಳಲ್ಲಿ 'ಲವೋನ್ ಸ್ಕಾರ್' ಎಂದಿತ್ತು. ಅದರ ಕೆಳಗೆ, ಅತ್ಯಂತ ವಿನಯದ ಸಣ್ಣ ಅಕ್ಷರಗಳಲ್ಲಿ: 'ಮಾರಾಟಕ್ಕಿಲ್ಲ.'