ಬಿದ್ದ ಸೇತುವೆಯನ್ನು ದಾಟಿದ ಚಕ್ಕಡಿಯ ವಿಷಯ

ಯರಗುಪ್ಪಿ,
೧೭ ನವೆಂಬರ್ ೧೯೮೬

ಕಳೆದ ತಿಂಗಳು ನಮ್ಮ ಸೀಮೆಯಲ್ಲಿ ಐದು ದಿನ ಯುದ್ಧ ನಡೆಸಿ, ಶತ್ರುವಿಲ್ಲದೆಯೂ ಗೆದ್ದು, ಕ್ಷೇಮವಾಗಿ ಮರಳಿದ ಬ್ರಿಗೇಡಿಯರ್ ಸಾಹೇಬರ ಸನ್ನಿಧಾನಕ್ಕೆ,

ಪರಮ ಮಾನ್ಯರೇ,

ಭೂಸೇನೆಯ ಹೇಸರಗತ್ತೆ ದಳದಲ್ಲಿ ಹದಿನೈದು ವರ್ಷ ಸೇವೆ ಸಲ್ಲಿಸಿ, ನಾಯಕ್ ಹುದ್ದೆಯಿಂದ ನಿವೃತ್ತನಾಗಿ, ಈಗ ಹತ್ತಿ ಮತ್ತು ಮೆಣಸಿನಕಾಯಿ ಬೆಳೆದುಕೊಂಡಿರುವ ಹೊಳೆಯಪ್ಪನು ಎರಡೂ ಹಿಮ್ಮಡಿ ಕೂಡಿಸಿ, ಎದೆ ಸೆಟೆದು, ಸೆಲ್ಯೂಟ್ ಹೊಡೆದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಸಮರಾಭ್ಯಾಸ ಮುಗಿಸಿ ಹೋದ ಮೇಲೆ ನಮ್ಮ ಪಂಚಾಯತಿಗೆ ಒಂದು ಕಾಗದ ಬರೆಸಿ, ಸೇನೆಯ ಹೊಸ ಸಾಮಗ್ರಿ, ಅಧಿಕಾರಿಗಳ ನಾಯಕತ್ವ ಮತ್ತು ಅಭ್ಯಾಸದ ರೀತಿ, ಈ ಮೂರರ ಬಗ್ಗೆ ಊರಿನ ಮಾಜಿ ಸೈನಿಕರು ಅಭಿಪ್ರಾಯ ತಿಳಿಸಬೇಕೆಂದು ಕೇಳಿದ್ದೀರಿ. ಊರಿನಲ್ಲಿ ಮಾಜಿ ಸೈನಿಕನೆಂದರೆ ನಾನೊಬ್ಬನೇ. ಹದಿನೈದು ವರ್ಷದ ನೌಕರಿಯಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಆದ್ದರಿಂದ ಕೂಡಿಟ್ಟದ್ದು ಬಹಳವಿದೆ, ಪತ್ರ ಉದ್ದವಾದರೆ ಕ್ಷಮೆಯಿರಲಿ.

ಮೊದಲು ಸಾಮಗ್ರಿಯ ವಿಷಯ. ತಮ್ಮ ಟ್ಯಾಂಕಿನಷ್ಟು ಗಂಭೀರವಾದ ಯಂತ್ರವನ್ನು ನಾನು ಕಂಡಿಲ್ಲ. ಅದು ಹಳ್ಳದ ದಂಡೆಯಲ್ಲಿರುವ ಶಂಕ್ರಪ್ಪನ ಹೊಲಕ್ಕೆ ಇಳಿಯುವ ಹಿಂದಿನ ದಿನ ಚಿತ್ತಿ ಮಳೆ ಹೊಡೆದು ಹೋಗಿತ್ತು. ಮೇಜರ್ ಸಾಹೇಬರು ಜೀಪಿನ ಮೇಲೆ ನಕಾಶೆ ಹಾಸಿಕೊಂಡು ನಿಂತಿದ್ದಾಗ ಶಂಕ್ರಪ್ಪ ಓಡಿ ಬಂದು, "ಸಾಹೇಬ್ರ, ಇದು ಯರಿ ಭೂಮಿ ಐತ್ರಿ. ಮಳಿ ಆದಮ್ಯಾಲ ನಾಕ ದಿನ ನಾವು ಎತ್ತು ಸೈತ ಹೊಲದಾಗ ಇಳಸೂದಿಲ್ರಿ" ಎಂದ. ಅದನ್ನು ನಾನು ನನ್ನ ಪಲ್ಟನ್ನಿನ ಹಳೇ ಹಿಂದಿಯಲ್ಲಿ ಸಾಹೇಬರಿಗೆ ತಿಳಿಸಿದೆ. ಮರಳುಗಾಡನ್ನೇ ದಾಟಿ ಬಂದ ಯಂತ್ರಕ್ಕೆ ಹೊಲದ ಮಣ್ಣು ಯಾವ ಲೆಕ್ಕ ಎಂದು ಅವರು ನಕ್ಕರು. ಮರಳುಗಾಡಿನ ಉಸುಕು ಕಾಲು ಹಿಡಿದರೂ ಬಿಡುತ್ತದೆ, ನಮ್ಮ ಎರೆಮಣ್ಣು ಹಿಡಿದದ್ದನ್ನು ಬಿಡುವುದಿಲ್ಲ ಎಂಬುದು ಅವರ ನಕಾಶೆಯಲ್ಲಿ ಇರಲಿಲ್ಲ. ಟ್ಯಾಂಕು ನಲವತ್ತು ಹೆಜ್ಜೆ ಹೋಗಿ, ಕೆಸರು ಕಂಡ ಎಮ್ಮೆಯಂತೆ ಹೊಟ್ಟೆ ಊರಿ ಕುಳಿತಿತು. ಅದನ್ನು ಎಳೆಯಲು ಹೋದ ಎರಡನೆಯ ಟ್ಯಾಂಕು ಅದರ ಬಾಜೂಕ್ಕೇ ಕುಳಿತು ಜೊತೆ ಕೊಟ್ಟಿತು. ಮೂರನೆಯದನ್ನು ಕರೆಸುವ ಮಾತು ನಡೆದಾಗ ಶಂಕ್ರಪ್ಪ ಕೈಮುಗಿದು, "ಸಾಕ್ರಿ ಸಾಹೇಬ್ರ, ಬಿತ್ತಾಕ ನನಗೂ ಒಂದ್ ಮೂಲಿ ಬಿಡ್ರಿ" ಎಂದು ಬೇಡಿಕೊಂಡ.

ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಬೆಟ್ಟದ ಗಡಿಯಲ್ಲಿ ನನ್ನ ಕೈಯಲ್ಲಿ ಮೋತಿ ಎಂಬ ಹೇಸರಗತ್ತೆಯಿತ್ತು. ಒಮ್ಮೆ ಹಿಮದ ದಾರಿಯಲ್ಲಿ ಅದು ಮುಂಗಾಲಿನಿಂದ ನೆಲ ಒತ್ತಿ ನೋಡಿ, ಮುಂದೆ ಒಂದು ಹೆಜ್ಜೆಯೂ ಇಡಲಿಲ್ಲ. ಹವಾಲ್ದಾರರು ಎಷ್ಟು ಬಡಿದರೂ ಕದಲಲಿಲ್ಲ. ಕಾಲು ಗಂಟೆಯಲ್ಲಿ ಎದುರಿನ ದಾರಿ ಪೂರ್ತಿ ಕಣಿವೆಗೆ ಜಾರಿತು. ಮೋತಿಗೆ ನಕಾಶೆ ಓದಲು ಬರುತ್ತಿರಲಿಲ್ಲ; ಬಂದಿದ್ದರೆ ಇಂದು ನಾನು ತಮಗೆ ಪತ್ರ ಬರೆಯುತ್ತಿರಲಿಲ್ಲ. ಆದಕಾರಣ ಪ್ರತಿಯೊಂದು ಟ್ಯಾಂಕಿಗೂ ಒಂದೊಂದು ಹೇಸರಗತ್ತೆಯನ್ನು ಸಲಹೆಗಾರನಾಗಿ ನೇಮಿಸಿ, ಅದಕ್ಕೆ ಮೇಜರ್ ದರ್ಜೆಗಿಂತ ಒಂದು ನಕ್ಷತ್ರ ಹೆಚ್ಚು ಕೊಡಬೇಕೆಂದು ವಿನಂತಿ.

ಇನ್ನು ಸಮರಾಭ್ಯಾಸದ ರೀತಿ.

ನನ್ನ ಮಗಳು ಕಸ್ತೂರೆವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ತಮ್ಮ ಯುದ್ಧದ ಎರಡನೆಯ ದಿನ ನಸುಕಿನಲ್ಲೇ ಆಕೆಗೆ ಬೇನೆ ಹತ್ತಿತು. ಊರಿನ ಸೂಲಗಿತ್ತಿ ಅಮೀರಬಿ ಬಂದಳು. ಕಸ್ತೂರೆವ್ವನನ್ನು ಹುಟ್ಟುವಾಗ ಹಿಡಿದವಳೂ ಆಕೆಯೇ. ಹೊಟ್ಟೆ ಮುಟ್ಟಿ ನೋಡಿ, ಸೆರಗಿನಿಂದ ಹಣೆ ಒರೆಸಿಕೊಂಡು, "ಕೂಸು ಅಡ್ಡ ಬಿದ್ದೈತಿ. ಇದು ನನ್ನ ಕೈಲೆ ಆಗೂದಲ್ಲ. ಕುಂದಗೋಳ ದವಾಖಾನಿಗೆ ಒಯ್ಯೂಣು, ತಡಾ ಮಾಡಬ್ಯಾಡ" ಎಂದಳು. ಮೂವತ್ತು ವರ್ಷದಲ್ಲಿ ಅಮೀರಬಿ ತನ್ನ ಕೈಲಾಗದು ಎಂದದ್ದನ್ನು ನಾನು ಕೇಳಿರಲಿಲ್ಲ. ತಮ್ಮ ಯುದ್ಧದ ನಿಮಿತ್ತ ಬಸ್ಸು ನಿಂತಿತ್ತು. ನಾನು ಚಕ್ಕಡಿ ಹೂಡಿದೆ. ನನ್ನ ಹೆಂಡತಿ ಮೈಲಾರವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಊರ ಹೊರಗಿನ ಹಳ್ಳದ ಸೇತುವೆಯ ಮೇಲೆ ತಮ್ಮ ಕಾವಲು ಜವಾನನೊಬ್ಬ ನಿಂತಿದ್ದ. ಮೀಸೆ ಇನ್ನೂ ಸರಿಯಾಗಿ ಮೂಡದ ಆ ಹುಡುಗ ಬಂದೂಕು ಅಡ್ಡ ಹಿಡಿದು "ಥಮ್!" ಎಂದು ಕೂಗಿದ. ಸೇತುವೆಗೆ ಒಂದು ಹಲಗೆ ಕಟ್ಟಿತ್ತು. ಬೆಳಿಗ್ಗೆ ಆರು ಗಂಟೆಗೆ ಕೆಂಪು ಸೇನೆ ಈ ಸೇತುವೆಯನ್ನು ಸಿಡಿಸಿ ನಾಶ ಮಾಡಿದೆ ಎಂದು ಅದರಲ್ಲಿ ಬರೆದಿತ್ತು. ಸೇತುವೆಯಾದರೋ ಕಟ್ಟಿದವನ ಪುಣ್ಯದಿಂದ ಒಂದು ಕಲ್ಲೂ ಅಲುಗದೆ ನಿಂತಿತ್ತು. ಕಳಚಿ ಬಿದ್ದದ್ದೆಲ್ಲ ಕಾಗದದ ಮೇಲೆ ಮಾತ್ರ. ಅಭ್ಯಾಸಕ್ಕೆಂದು ತಮ್ಮ ಸೇನೆಯನ್ನೇ ಕೆಂಪು, ನೀಲಿ ಎಂದು ಎರಡು ಪಾಲು ಮಾಡಿದ್ದಿರಲ್ಲ, ಅದರಲ್ಲಿ ನೀಲಿ ಸೇನೆಯ ನಲವತ್ತು ಜನ ಕೆಳಗೆ ಎದೆಮಟ್ಟದ ನೀರಿನಲ್ಲಿ ನಿಂತು, ಇರುವ ಸೇತುವೆಯ ಪಕ್ಕದಲ್ಲೇ ಪೀಪಾಯಿಗಳ ಇನ್ನೊಂದು ಸೇತುವೆ ಕಟ್ಟುತ್ತಿದ್ದರು.

ಈಗ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. "ಥಮ್" ಎಂದ ಕೂಡಲೇ ಎತ್ತಿನ ಹಗ್ಗ ಎಳೆದು ನಿಂತೆ. ಹಲಗೆಯನ್ನು ಪೂರ್ತಿ ಓದಿದೆ. ಜವಾನ ಸುತ್ತು ಹಾಕಿ ಹೋಗು ಎಂದ. ಸುತ್ತಿನ ದಾರಿಯೆಂದರೆ ಶಂಕ್ರಪ್ಪನ ಹೊಲದ ದಾರಿ. ಅಲ್ಲಿ ತಮ್ಮ ಎರಡು ಟ್ಯಾಂಕು ಕುಳಿತಿದ್ದವು. ಇದನ್ನು ಬಲ್ಲ ನಾನು, ಹಿಂದೆ ಮಗಳು ನರಳುತ್ತಿರುವಾಗ, "ಜೀ" ಎಂದು ಎತ್ತುಗಳನ್ನು ತಿರುಗಿಸತೊಡಗಿದೆ. ಸೇನೆಯ ತರಬೇತಿ ಕೆಟ್ಟದ್ದೆಂದು ಯಾರಾದರೂ ಅಂದರೆ ನಂಬಬೇಡಿ, ಸಾಹೇಬರೇ. ಹದಿನಾಲ್ಕು ವರ್ಷವಾದರೂ ಅದು ಮೈಬಿಟ್ಟು ಹೋಗುವುದಿಲ್ಲ.

"ಏ ಹೊಳೆಯಪ್ಪಾ!" ಎಂದು ಅಮೀರಬಿ ಚಕ್ಕಡಿಯಿಂದ ಚೀರಿದಳು. "ಪಟ್ಟಾ ಬಿಚ್ಚಿ ಎಷ್ಟ್ ವರ್ಸ ಆತಲೇ? ಯಾರರ ಥಮ್ ಅಂದ್ರ ಗೂಟಾ ಬಡದಂಗ ನಿಂದರ್ತಿಯಲ್ಲ, ನೀ ಅಪ್ಪ ಆದಿಯೋ, ಸಿಪಾಯಿ ಆದಿಯೋ?"

ಅಮೀರಬಿ ಕೆಳಗಿಳಿದು ನೇರವಾಗಿ ಜವಾನನ ಎದುರು ಹೋಗಿ ನಿಂತಳು. "ಪುಲ್ ಗಿರ್ ಗಯಾ ಬೋಲೆ ತೋ ತೂ ಕಾಯ್ಕೆ ಉಪ್ಪರ್ ಖಡಾ ಹೈ ರೇ ಬೇಟಾ?" ಎಂದು ಕೇಳಿದಳು. ಸೇತುವೆ ಬಿದ್ದಿದ್ದರೆ ನೀನು ಯಾತರ ಮೇಲೆ ನಿಂತಿದ್ದೀಯಪ್ಪಾ ಎಂಬ ಆ ಪ್ರಶ್ನೆಗೆ ಜವಾನ ಒಮ್ಮೆ ತನ್ನ ಬೂಟು ನೋಡಿಕೊಂಡ, ಒಮ್ಮೆ ಹಲಗೆ ನೋಡಿದ, ಆಮೇಲೆ ಓಡಿಹೋಗಿ ಕ್ಯಾಪ್ಟನ್ ಸಾಹೇಬರನ್ನು ಕರೆತಂದ.

ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡಿದ್ದ ಈ ಕ್ಯಾಪ್ಟನ್ನರು ಯಾವ ಸೇನೆಗೂ ಸೇರದ ಪಂಚರು. ಯಾವುದು ಬಿತ್ತು, ಯಾರು ಸತ್ತರು ಎಂದು ತೀರ್ಪು ಹೇಳುವುದೇ ಅವರ ಕೆಲಸ. ಅವರು ಕಸ್ತೂರೆವ್ವನ ಮುಖ ನೋಡಿದ ಕೂಡಲೇ ವೈರ್‌ಲೆಸ್ಸಿನಲ್ಲಿ ಬ್ರಿಗೇಡಿಯರ್ ಸಾಹೇಬರಾದ ತಮ್ಮ ಡೇರೆಗೆ ಅನುಮತಿ ಕೇಳಿದರು. ತಮ್ಮಿಂದ "ಕಾಯಿರಿ" ಎಂಬ ಉತ್ತರ ಬಂತು. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದರು. ಮತ್ತೆ "ಕಾಯಿರಿ". ಬೇನೆಯೂ ಕಾಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಚಕ್ಕಡಿಯನ್ನು ಬಿಟ್ಟರೆ ಸೇತುವೆ ಗಟ್ಟಿಯಾಗಿದೆ ಎಂದಾಗಿ ಯುದ್ಧವೆಲ್ಲ ಕೆಡುತ್ತದೆ ಎಂದು ಕ್ಯಾಪ್ಟನ್ನರು ನನಗೆ ಬಹಳ ನಾಚಿಕೆಯಿಂದ ವಿವರಿಸಿದರು. ನಾನು ಅದನ್ನು ಅಮೀರಬಿಗೆ ಹೇಳಿದೆ.

"ಹಂಗಾರ ನಾವು ಸತ್ತೇವಂತ ಬರ್ಕೋಂತ ಹೇಳು" ಎಂದಳು ಅಮೀರಬಿ. "ಸತ್ತವ್ರು ದಾಟಾಕ ಪೂಲು ಯಾಕ ಬೇಕು?"

ನಾನು ಅದನ್ನು ಹಿಂದಿಯಲ್ಲಿ ಕ್ಯಾಪ್ಟನ್ನರಿಗೆ ತಿಳಿಸಿದೆ. ಅವರು ವೈರ್‌ಲೆಸ್ಸಿನ ಗುಂಡಿ ತಿರುಗಿಸಿ ಅದರ ಬಾಯಿ ಮುಚ್ಚಿಸಿದರು. ಜೇಬಿನಿಂದ ಗಾಯಾಳುಗಳಿಗೆ ಕಟ್ಟುವ ಚೀಟಿಗಳನ್ನು ತೆಗೆದು, ಅಮೀರಬಿಗೆ, ಮೈಲಾರವ್ವನಿಗೆ ಮತ್ತು ನನಗೆ "ಮೃತ" ಎಂದೂ, ಕಸ್ತೂರೆವ್ವನಿಗೆ "ತೀವ್ರ ಗಾಯ" ಎಂದೂ ಬರೆದು ಕಟ್ಟಿದರು. ಎತ್ತಿನ ಕೊಂಬಿಗೆ ಸ್ವತಃ ಕೈ ಹಚ್ಚಿ ಚಕ್ಕಡಿಯನ್ನು ಸೇತುವೆ ದಾಟಿಸಿದರು. ನಾಯಕತ್ವದ ಬಗ್ಗೆ ತಾವು ಕೇಳಿದ್ದಿರಲ್ಲ, ನಾನು ಕಂಡದ್ದು ಇಷ್ಟೇ.

ಕುಂದಗೋಳದ ತನಕ ಹೋಗುವ ಕಾರಣ ಬೀಳಲಿಲ್ಲ. ಸೇತುವೆಯ ಆಚೆ, ಒಂದು ಕೂಗಳತೆಯ ದೂರದಲ್ಲಿ, ತಮ್ಮ ಯುದ್ಧದ ಆಸ್ಪತ್ರೆಯ ಡೇರೆಯಿತ್ತು. ಅದರಲ್ಲಿ ಇಪ್ಪತ್ತು ಜವಾನರು ಪಟ್ಟಿಗೆ ಕೆಂಪು ಬಣ್ಣ ಬಳಿದುಕೊಂಡು, ಆದೇಶದ ಮೇರೆಗೆ ನರಳುತ್ತಾ ಮಲಗಿದ್ದರು. ಡಾಕ್ಟರು ನಿಜವಾದ ನರಳಾಟ ಕೇಳಿದೊಡನೆ ಎದ್ದು ಬಂದರು. ಉಳಿದವರೆಲ್ಲ ತಟ್ಟನೆ ಸುಮ್ಮನಾದರು. ಒಂದು ಗಂಟೆ ಡಾಕ್ಟರ ಕೈ ಒಳಗೆ, ಅಮೀರಬಿಯ ಕೈ ಮೇಲೆ, ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ಪೂರ್ತಿ ತಿಳಿಯದೆ ಕೂಸನ್ನು ತಿರುಗಿಸಿದರು. ಕಸ್ತೂರೆವ್ವನಿಗೆ ರಕ್ತ ಬಹಳ ಹೋಯಿತು. ಎದೆಗೆ ಗುಂಡು ಬಿದ್ದು ಸತ್ತವನೆಂದು ಚೀಟಿ ಕಟ್ಟಿಸಿಕೊಂಡಿದ್ದ ಒಬ್ಬ ಜವಾನ ಎದ್ದು ಬಂದು, ಬಣ್ಣದ ಪಟ್ಟಿ ಬಿಚ್ಚಿ ಒಗೆದು, ತೋಳು ಚಾಚಿ ಒಂದು ಬಾಟಲಿ ರಕ್ತ ಕೊಟ್ಟ. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಉಳಿದರು. ಮೈಲಾರವ್ವ ಡೇರೆಯ ಗೂಟ ಹಿಡಿದುಕೊಂಡು ಅತ್ತಳು. ನಾನು ಎತ್ತುಗಳಿಗೆ ನೀರು ಕುಡಿಸುವ ನೆಪದಲ್ಲಿ ಹಳ್ಳಕ್ಕೆ ಹೋಗಿ ಅತ್ತೆ.

ಇಷ್ಟು ಬರೆದು, ತಮಗೆ ಧನ್ಯವಾದ ಹೇಳಿ ಪತ್ರ ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ನಿನ್ನೆ ತಮ್ಮ ಎರಡನೆಯ ಕಾಗದ ಬಂತು. ನಮ್ಮ ಚಕ್ಕಡಿ ದಾಟಿದ್ದನ್ನು ಕಂಡು ನೀಲಿ ಸೇನೆಯ ಮೂರು ಲಾರಿ ಜನ ಅದರ ಬೆನ್ನಿಗೇ ದಾಟಿ, ಐದನೆಯ ದಿನ ಗೆಲ್ಲಬೇಕಾಗಿದ್ದ ಗುಡ್ಡವನ್ನು ಎರಡನೆಯ ದಿನ ಮಧ್ಯಾಹ್ನವೇ ಗೆದ್ದು, ಊಟ ಮಾಡಿ ಮಲಗಿಬಿಟ್ಟರಂತೆ. ಈ ಅಕಾಲದ ಜಯಕ್ಕೆ ಕಾರಣರಾದ ಕ್ಯಾಪ್ಟನ್ನರ ಮೇಲೆ ವಿಚಾರಣೆ ಇಟ್ಟಿದ್ದೀರಂತೆ. ನಾಶವಾದ ಸೇತುವೆಯ ಮೇಲೆ ಚಕ್ಕಡಿ ಹೊಡೆಯಲು ಅವರು ಅಪ್ಪಣೆ ಕೊಟ್ಟದ್ದು ನಿಜವೇ ಎಂದು ನಾನು ಸಹಿ ಮಾಡಿ ಹೇಳಬೇಕಂತೆ.

ಮಾನ್ಯರೇ, ನಾನು ಸೇನೆಯ ಉಪ್ಪು ತಿಂದವನು, ಸುಳ್ಳು ಹೇಳಲಾರೆ. ಆ ದಿನ ಆರು ಗಂಟೆಗೇ ಆ ಸೇತುವೆ ನಾಶವಾಗಿತ್ತು. ತಮ್ಮದೇ ಹಲಗೆಯಲ್ಲಿ ನಾನು ಅದನ್ನು ಓದಿದ್ದೇನೆ. ಇಲ್ಲದ ಸೇತುವೆಯ ಮೇಲೆ ಯಾರೂ ಚಕ್ಕಡಿ ಹೊಡೆಯಲಾರರು. ಹೊಡೆದವರು ಯಾರು ಎಂದರೆ, ಹೊಳೆಯಪ್ಪ, ಮೈಲಾರವ್ವ, ಅಮೀರಬಿ. ಮೂವರೂ ಅದಕ್ಕೆ ಮೊದಲೇ ಸತ್ತಿದ್ದರು, ಚೀಟಿಗಳನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಸತ್ತವರು ಇಲ್ಲದ ಸೇತುವೆ ದಾಟಿದ್ದಕ್ಕೆ ಬದುಕಿರುವ ಅಧಿಕಾರಿಯನ್ನು ಶಿಕ್ಷಿಸುವ ಕಾಯಿದೆ ನನ್ನ ಹದಿನೈದು ವರ್ಷದಲ್ಲಿ ನಾನು ಕೇಳಿಲ್ಲ. ಆದರೂ ಶಿಕ್ಷಿಸಲೇಬೇಕೆಂದಿದ್ದರೆ, ದಯಮಾಡಿ ಆ ಶಿಕ್ಷೆಯನ್ನೂ ಸೇತುವೆ ಸಿಡಿಸಿದ ರೀತಿಯಲ್ಲೇ ಕೊಡಬೇಕು: ಒಂದು ಹಲಗೆಯ ಮೇಲೆ ಬರೆದು ಕಟ್ಟಿಬಿಡಿ.

ಈ ಪತ್ರದ ನಕಲನ್ನು ಪಂಚಾಯತಿ ಗೋಡೆಗೆ ಹಚ್ಚಿದ್ದೇನೆ. ಇದರಲ್ಲಿ ವಿಧೇಯತೆ ಎಲ್ಲಿಯಾದರೂ ಕಡಿಮೆಯಾಗಿದ್ದರೆ, ಅವಿಧೇಯತೆಯನ್ನು ನಾನು ಈಗಷ್ಟೇ ಕಲಿಯುತ್ತಿದ್ದೇನೆ ಎಂದು ತಿಳಿಯಬೇಕು.

ಸತ್ತ ಮೇಲೆಯೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಮಾಜಿ ನಾಯಕ್ ಹೊಳೆಯಪ್ಪ

ತಾ.ಕ.: ವಿಚಾರಣೆಗೆ ಅಮೀರಬಿಯೂ ಸಾಕ್ಷಿಯಾಗಿ ಬರಬೇಕೆಂದು ಬರೆದಿದ್ದೀರಿ. ಓದಿ ಹೇಳಿದೆ. ಬರುತ್ತಾಳಂತೆ. ಆಕೆ ಒಂದೇ ಮಾತು ಕೇಳಿದಳು: "ಆ ಸಾಹೇಬ ಹುಟ್ಟುವಾಗ ಅವರವ್ವಗೂ ಕಾಯಿರಿ ಅಂದಿದ್ರೇನು?" ಇದಕ್ಕೆ ಉತ್ತರ ತಮ್ಮ ಕಡತದಲ್ಲಿ ಇರಲಾರದು. ಆಕೆ ಬರುವ ಮೊದಲು ತಾಯಿಯವರಿಗೆ ಒಂದು ಕಾಗದ ಬರೆದು ವಿಚಾರಿಸಿಟ್ಟುಕೊಂಡರೆ ಒಳಿತು.